ನಷ್ಟಕ್ಕೆ ಪಾಲುದಾರ, ಲಾಭಕ್ಕೆ ಹೊರಗಿನವ

ಹೊಸಪೇಟೆ ಮತ್ತು ತೋರಣಗಲ್ಲುಗಳ ನಡುವಿನ ಗಾದಿಗನೂರಿನಲ್ಲಿ ಬೆಳಗಿನ ಪಾಳಿಗೆ ಹೊರಟು ನಿಂತವರನ್ನು ದೂರದಿಂದ ನೋಡಿದರೆ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಕಾಣದು. ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಕೈಯಲ್ಲಿ ಬುತ್ತಿಚೀಲ, ಕೊರಳಲ್ಲಿ ಗುರುತಿನ ಚೀಟಿ. ಹತ್ತಿರ ಹೋಗಿ ಆ ಚೀಟಿಯನ್ನು ಓದಿದಾಗ ಮಾತ್ರ ತಿಳಿಯುತ್ತದೆ, ಒಬ್ಬ 'ಕಂಪನಿ'ಯವನು, ಇನ್ನೊಬ್ಬ 'ಕಾಂಟ್ರ್ಯಾಕ್ಟ್'ನವನು. ಇಬ್ಬರೂ ಒಂದೇ ಓಣಿಯವರಿರಬಹುದು. ಒಂದೇ ಶಾಲೆಯಲ್ಲಿ ಓದಿದವರಿರಬಹುದು. ಒಳಗೆ ಹೋದ ಮೇಲೆ ಒಂದೇ ಕುಲುಮೆಯ ಶಾಖ, ಒಂದೇ ಕನ್ವೇಯರ್‌ನ ಧೂಳು. ದೀಪಾವಳಿಯ ಮುನ್ನಾದಿನ ಮಾತ್ರ ಇಬ್ಬರ ಕೈಗೆ ಬರುವ ಹಣ ಬೇರೆ ಬೇರೆ ಲೆಕ್ಕದ ಪುಸ್ತಕಗಳಿಂದ ಬರುತ್ತದೆ. ಉದ್ಯಮದ ಲಾಭವನ್ನೂ ಒಡೆತನವನ್ನೂ ನೌಕರರೊಂದಿಗೆ ಹಂಚಿಕೊಳ್ಳುವ ಮಾತು ನಮ್ಮಲ್ಲಿ ಮತ್ತೆ ಚಲಾವಣೆಗೆ ಬಂದಿರುವ ಈ ಹೊತ್ತಿನಲ್ಲಿ, 'ನೌಕರ' ಎಂದರೆ ಯಾರು ಎಂಬ ಪ್ರಶ್ನೆಯನ್ನು ಎತ್ತಲು ಇದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ.

ತೋರಣಗಲ್ಲಿನಲ್ಲಿ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಸಾರ್ವಜನಿಕ ವಲಯದ ಆ ಕಾರ್ಖಾನೆ ಕೊನೆಗೂ ಮೇಲೇಳಲಿಲ್ಲ. ಎರಡು ದಶಕಗಳ ನಂತರ, 1994ರಲ್ಲಿ, ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಸ್ಥಾಪನೆಗೊಂಡು, 2005ರಲ್ಲಿ ಜೆಎಸ್‌ಡಬ್ಲ್ಯು ಸ್ಟೀಲ್ ಆಯಿತು. ಇಂದು ಅದು ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲೊಂದು. 2021ರಲ್ಲಿ ಆ ಕಂಪನಿ ನೌಕರರಿಗೆ ಷೇರು ಒದಗಿಸುವ ಎರಡು ಯೋಜನೆಗಳನ್ನು ರೂಪಿಸಿತು. ಒಂದಕ್ಕೆ 'ಸಮೃದ್ಧಿ' ಎಂದೇ ಹೆಸರು. ಭಾರಿ ಕೈಗಾರಿಕೆಯ ಕಂಪನಿಯೊಂದು ಒಡೆತನದ ತುಣುಕನ್ನು ನೌಕರರ ಕೈಗಿಡಲು ಮುಂದಾದದ್ದು ಸ್ವಾಗತಾರ್ಹವೇ. ಕರ್ನಾಟಕದಲ್ಲಿ ಇಂಥದ್ದು ಅಲ್ಲಿಯವರೆಗೆ ಹೆಚ್ಚಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕಥೆಯಾಗಿತ್ತು. 1993ರಲ್ಲಿ ಷೇರು ಪೇಟೆಗೆ ಬಂದ ಇನ್ಫೊಸಿಸ್, ಮರುವರ್ಷವೇ ನೌಕರರಿಗೆ ಷೇರು ಆಯ್ಕೆಯ ಯೋಜನೆ ತಂದಿತು. ಅದರಿಂದ ಕಚೇರಿಯ ಕೆಳಹಂತದ ಸಿಬ್ಬಂದಿಯೂ ಲಕ್ಷಾಧೀಶರಾದರೆಂಬುದು ಈಗ ನಮ್ಮ ನಗರ ಜಾನಪದದ ಭಾಗವಾಗಿಬಿಟ್ಟಿದೆ.

ಆದರೆ ಈ ವಿಚಾರವನ್ನು ಸಾಫ್ಟ್‌ವೇರ್ ಯುಗದ ಶೋಧವೆಂದು ಭಾವಿಸುವುದು ತಪ್ಪು. ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಂಪನಿ ಲಾಭದ ಪಾಲನ್ನು ಬೋನಸ್ ರೂಪದಲ್ಲಿ ಕೊಡಲು ತೊಡಗಿದ್ದು 1934ರಲ್ಲಿ. ದೇಶದಲ್ಲಿ ಬೋನಸ್ ಪಾವತಿ ಕಾಯ್ದೆ ಬಂದದ್ದು 1965ರಲ್ಲಿ. ಅಂದರೆ ಕಾನೂನಿಗಿಂತ 31 ವರ್ಷ ಮೊದಲು. ಬೆಂಗಳೂರಿನ ಉದಾಹರಣೆ ಇನ್ನೂ ಮುಂದೆ ಹೋಗುತ್ತದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ಮಾಣಿಗಳು, ಅಡುಗೆಯವರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಉದ್ಯಮವನ್ನೇ ತಮ್ಮದಾಗಿಸಿಕೊಂಡರು. ಇಂಡಿಯನ್ ಕಾಫಿ ಹೌಸ್‌ಗಳ ಕಾರ್ಮಿಕ ಸಹಕಾರ ಸಂಘಗಳ ಸರಣಿಯಲ್ಲಿ ಅದು ಮೊದಲನೆಯದು. ಪೇಟ ಧರಿಸಿ ಕಾಫಿ ತಂದಿಡುತ್ತಿದ್ದವನು ಆ ಅಂಗಡಿಯ ಮಾಲೀಕರಲ್ಲೊಬ್ಬ ಎಂಬುದು ಮಹಾತ್ಮ ಗಾಂಧಿ ರಸ್ತೆಯ ಗಿರಾಕಿಗಳಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಇನ್ನೂ ಹಿಂದಕ್ಕೆ ಹೋದರೆ, ಹಂಪಿಯ ಅರಸರ ಕಾಲದ ಆಯಗಾರ ಪದ್ಧತಿಯಲ್ಲಿ ಊರಿನ ಕಮ್ಮಾರ, ಬಡಗಿ, ತಳವಾರರಿಗೆ ಸಲ್ಲುತ್ತಿದ್ದುದು ಬೆಳೆಯ ಪಾಲು. ಕಣದಲ್ಲಿ ರಾಶಿ ದೊಡ್ಡದಾದರೆ ಆಯವೂ ದೊಡ್ಡದು. ಆ ವ್ಯವಸ್ಥೆಯನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಹುಟ್ಟಿನಿಂದ ಬಂದ ಕಸುಬಿಗೆ ಮನುಷ್ಯನನ್ನು ಕಟ್ಟಿಹಾಕಿದ ಏರ್ಪಾಡು ಅದು. ಆದರೂ ರಾಶಿಯನ್ನು ಮನೆಗೆ ಸಾಗಿಸುವ ಮುನ್ನ ಕಣದಲ್ಲಿಯೇ ಪಾಲು ತೆಗೆದಿಡಬೇಕೆಂಬ ನಿಯಮವನ್ನು ಈ ಸೀಮೆಯ ಜನರಿಗೆ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

ಈಗ ನಮ್ಮ ಕಾನೂನು ಈ ಪಾಲನ್ನು ಹೇಗೆ ಅಳೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅನ್ಯಾಯ ಅಡಗಿರುವುದು ಲೆಕ್ಕದೊಳಗೆ. ಬೋನಸ್ ಎಂಬುದು ಮಾಲೀಕನ ಔದಾರ್ಯವಲ್ಲ. ಲಾಭದ ಗಳಿಕೆಯಲ್ಲಿ ಕಾರ್ಮಿಕನ ಕೊಡುಗೆಯೂ ಇದೆ, ಅವನ ಕೂಲಿ ಬದುಕಿಗೆ ಸಾಲುವಷ್ಟಿಲ್ಲ ಎಂಬ ಎರಡು ನೆಲೆಗಳ ಮೇಲೆ ಅದು ನಿಂತಿದೆ ಎಂದು ಸುಪ್ರೀಂ ಕೋರ್ಟ್ 1954ರಲ್ಲಿಯೇ ಮ್ಯೂರ್ ಮಿಲ್ಸ್ ಪ್ರಕರಣದಲ್ಲಿ ಹೇಳಿತು. 1965ರ ಕಾಯ್ದೆ, ಮುಂದಿನ ತಿದ್ದುಪಡಿಗಳೊಂದಿಗೆ, ಕನಿಷ್ಠ ಶೇ 8.33, ಗರಿಷ್ಠ ಶೇ 20 ಎಂದು ಮಿತಿ ಹಾಕಿತು. ಸಂಸ್ಥೆಗೆ ಹಂಚಬಹುದಾದ ಹೆಚ್ಚುವರಿ ಇದ್ದರೆ ಬೋನಸ್ ಮೇಲಿನ ಮಿತಿಯತ್ತ ಏರುತ್ತದೆ. ನಷ್ಟವಾದರೂ ಕೆಳಗಿನ ಮಿತಿ ತಪ್ಪುವಂತಿಲ್ಲ. 2019ರ ವೇತನ ಸಂಹಿತೆಯೂ ಇದೇ ಮಿತಿಗಳನ್ನು ಉಳಿಸಿಕೊಂಡಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಗುತ್ತಿಗೆ ಕಾರ್ಮಿಕನೂ ಈ ಕಾನೂನಿನ ವ್ಯಾಪ್ತಿಯಲ್ಲಿದ್ದಾನೆ ನಿಜ. ಆದರೆ ಅವನ ಬೋನಸ್ಸನ್ನು ಯಾರ ಲಾಭದ ಮೇಲೆ ಲೆಕ್ಕ ಹಾಕಬೇಕು? ಅವನ ಉದ್ಯೋಗದಾತನೆಂದು ಕಾಗದದಲ್ಲಿ ನಮೂದಾಗಿರುವ ಗುತ್ತಿಗೆದಾರನ ಲಾಭದ ಮೇಲೆ. ಉಕ್ಕು ಕರಗಿಸುವುದಾಗಲಿ ಮಾರುವುದಾಗಲಿ ಆ ಗುತ್ತಿಗೆದಾರನ ಕೆಲಸವಲ್ಲ. ಅವನು ಆಳುಗಳನ್ನು ಒದಗಿಸಿ ಸೇವಾಶುಲ್ಕ ಪಡೆಯುವವನು. ಅವನ ಪುಸ್ತಕದಲ್ಲಿ ಹಂಚಲು ಹೆಚ್ಚುವರಿ ಎಲ್ಲಿಂದ ಬರಬೇಕು? ಹಾಗಾಗಿ ಟೆಂಡರ್ ದರಪಟ್ಟಿಯಲ್ಲಿ ಪಿ.ಎಫ್., ಇ.ಎಸ್.ಐ. ಸಾಲುಗಳ ಕೆಳಗೆ 'ಬೋನಸ್: ಶೇ 8.33' ಎಂದು ಮೊದಲೇ ಬರೆದಿರುವುದು ವಾಡಿಕೆ. ವರ್ಷ ಆರಂಭವಾಗುವ ಮೊದಲೇ, ಲಾಭವೋ ನಷ್ಟವೋ ತಿಳಿಯುವ ಮೊದಲೇ, ಅವನ ಪಾಲು ನಿರ್ಧಾರವಾಗಿರುತ್ತದೆ. ಲಾಭದೊಂದಿಗೆ ಏರದ ಪಾಲನ್ನು ಲಾಭದ ಪಾಲೆಂದು ಕರೆಯುವುದು ಹೇಗೆ? ಅದು ಮುಂದೂಡಿದ ಕೂಲಿಯ ಹದಿಮೂರನೆಯ ಕಂತು, ಅಷ್ಟೇ. ಉದಾಹರಣೆಗೆ, ಬೋನಸ್ ಲೆಕ್ಕಕ್ಕೆ ತಿಂಗಳಿಗೆ 14,000 ರೂಪಾಯಿ ಎಂದು ಹಿಡಿದರೆ, ಶೇ 8.33ರ ದರದಲ್ಲಿ ವರ್ಷಕ್ಕೆ ಸಿಗುವುದು ಸುಮಾರು 14,000. ಶೇ 20ರ ದರದಲ್ಲಾದರೆ 33,600. ಕಂಪನಿ ಚೆನ್ನಾಗಿ ಗಳಿಸಿದ ವರ್ಷವೂ ಇವೆರಡರ ನಡುವಿನ ಹತ್ತೊಂಬತ್ತು ಸಾವಿರ ಚಿಲ್ಲರೆ ರೂಪಾಯಿ ಗೇಟಿನ ಒಳಗೇ ಉಳಿಯುತ್ತದೆ.

ಷೇರಿನ ವಿಷಯದಲ್ಲಿ ಬೇಲಿ ಇನ್ನೂ ಎತ್ತರ. 2013ರ ಕಂಪನಿ ಕಾಯ್ದೆಯ ಅಡಿಯ ನಿಯಮಗಳು ಷೇರು ಆಯ್ಕೆಯನ್ನು ಕಾಯಂ ನೌಕರರಿಗೆ ಸೀಮಿತಗೊಳಿಸಿದವು. ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಅನ್ವಯಿಸುವ ಸೆಬಿ ನಿಯಮಾವಳಿ 2021ರಲ್ಲಿ 'ಕಾಯಂ' ಎಂಬ ಪದವನ್ನು ಕೈಬಿಟ್ಟು, ಕಂಪನಿ ನೌಕರನೆಂದು ಗೊತ್ತುಪಡಿಸಿದವನು ಎಂಬ ವ್ಯಾಖ್ಯೆ ತಂದಿತು. ಬಾಗಿಲು ತುಸು ತೆರೆಯಿತು ಎನ್ನಬೇಕು. ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿರುವವನನ್ನು ತನ್ನ ನೌಕರನೆಂದು ಗೊತ್ತುಪಡಿಸಲು ಯಾವ ಕಂಪನಿ ಮುಂದೆ ಬಂದೀತು? ಇದು ಅಲ್ಪಸಂಖ್ಯಾತರ ಪ್ರಶ್ನೆಯೂ ಅಲ್ಲ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ, ದೇಶದ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆಯವರು 2000-01ರ ಸುಮಾರಿಗೆ ಐವರಲ್ಲಿ ಒಬ್ಬರಿದ್ದರು. 2022-23ರ ಹೊತ್ತಿಗೆ ಐವರಲ್ಲಿ ಇಬ್ಬರು. ನಮ್ಮ ಭಾಷೆಯಲ್ಲಿ ಗಣಿಯದ್ದೂ ಗುತ್ತಿಗೆ, ಗಣಿಯಲ್ಲಿ ದುಡಿಯುವವನದ್ದೂ ಗುತ್ತಿಗೆ. ಮೊದಲನೆಯದಕ್ಕೆ ಕಾನೂನು 50 ವರ್ಷದ ಅವಧಿ ಕೊಟ್ಟಿದೆ. ಎರಡನೆಯದು ಮುಂದಿನ ಟೆಂಡರಿನವರೆಗೆ.

ಇಷ್ಟಕ್ಕೂ ಲಾಭದ ಪಾಲು ಕೇಳುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಪಠ್ಯಪುಸ್ತಕ ಕೊಡುವ ಉತ್ತರ ಒಂದಿದೆ: ಲಾಭವೆಂಬುದು ಅಪಾಯ ಹೊತ್ತವನಿಗೆ ಸಲ್ಲುವ ಪ್ರತಿಫಲ. ಬಂಡವಾಳ ಹೂಡಿದವನು ಅಪಾಯ ಹೊರುತ್ತಾನೆ, ಕೂಲಿಯವನು ನಿಶ್ಚಿತ ಕೂಲಿ ಪಡೆದು ನಿಶ್ಚಿಂತನಾಗಿರುತ್ತಾನೆ ಎಂಬುದು ಇದರ ತಿರುಳು. ತರಗತಿಯಲ್ಲಿ ನಾನೂ ಇದನ್ನು ಕಲಿತು ಪರೀಕ್ಷೆಯಲ್ಲಿ ಬರೆದವನೇ. ಆದರೆ ಹೊಸಪೇಟೆ, ಸಂಡೂರಿನ ಈಚಿನ ಚರಿತ್ರೆ ಈ ಪಾಠಕ್ಕೆ ಒಪ್ಪಿಗೆ ಕೊಡುವುದಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿತು. 2009ರ ಆಗಸ್ಟ್‌ನಲ್ಲಿ ಮೌಲ್ಯಾಧಾರಿತ ದರ ಬರುವವರೆಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಧನ ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ಮೀರಿರಲಿಲ್ಲ. ಆ ಲಾಭ ಯಾರಿಗೆ ಹೋಯಿತೆಂಬುದನ್ನು 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ವಿವರವಾಗಿ ದಾಖಲಿಸಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ತಡೆ ಅನಿವಾರ್ಯವಾಗಿತ್ತು, ನ್ಯಾಯಯುತವಾಗಿತ್ತು. ಅದರಲ್ಲಿ ನನಗೆ ಲವಲೇಶ ಸಂಶಯವಿಲ್ಲ. ಆದರೆ ಮರುದಿನ ಬೆಳಿಗ್ಗೆ ಕೆಲಸವಿಲ್ಲದೆ ಉಳಿದವರು ಲಾರಿಯ ಚಾಲಕರು, ಕ್ಲೀನರ್‌ಗಳು, ಅದಿರು ಒಡೆದು ಜರಡಿ ಹಿಡಿಯುತ್ತಿದ್ದ ಗಂಡಸರು ಹೆಂಗಸರು, ದಾರಿಬದಿಯ ಪಂಕ್ಚರ್ ಅಂಗಡಿಯವರು. ಏರಿಕೆಯ ವರ್ಷಗಳಲ್ಲಿ ಇವರಾರಿಗೂ ಲಾಭದ ಪಾಲು ಎಂಬ ಹೆಸರಿನಲ್ಲಿ ಏನೂ ಸಿಕ್ಕಿರಲಿಲ್ಲ. ಇಳಿಕೆಯ ಪಾಲು ಮಾತ್ರ ತಪ್ಪದೆ ಬಂತು.

ಸರ್ಕಾರಿ ಒಡೆತನವಿದ್ದರೆ ಬೇರೆಯಾಗುತ್ತಿತ್ತೇ? ಹೊಸಪೇಟೆಯಲ್ಲೇ ಅದಕ್ಕೂ ಉತ್ತರವಿದೆ. ತುಂಗಭದ್ರಾ ಅಣೆಕಟ್ಟಿನ ಗೇಟುಗಳ ತಯಾರಿಕೆಗಾಗಿ 1947ರಲ್ಲಿ ಆರಂಭವಾದ ಕಾರ್ಯಾಗಾರ, 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಗಿ, ದೇಶದ ಅನೇಕ ಜಲಾಶಯಗಳಿಗೆ ಗೇಟುಗಳನ್ನು ಕೊಟ್ಟಿತು. ಒಡೆಯರು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು, ಅಂದರೆ ತತ್ವಶಃ ನಾವೆಲ್ಲ. ನಷ್ಟದ ಕಾರಣ ಕೊಟ್ಟು ಕೇಂದ್ರ ಸಚಿವ ಸಂಪುಟ 2015ರಲ್ಲಿ ಅದನ್ನು ಮುಚ್ಚಲು ನಿರ್ಧರಿಸಿತು. ಕಾರ್ಮಿಕರಿಗೆ ಸ್ವಯಂ ನಿವೃತ್ತಿ. ಕಾರ್ಖಾನೆಯ ಜಮೀನು, ಸುಮಾರು 82 ಎಕರೆ, ಸರ್ಕಾರದಿಂದ ಸರ್ಕಾರಕ್ಕೆ. ಕೈಗಳಲ್ಲಿದ್ದ ಕಸುಬನ್ನು ಮಾತ್ರ ಯಾರೂ ಆಸ್ತಿ ಪಟ್ಟಿಯಲ್ಲಿ ಬರೆದುಕೊಳ್ಳಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ಆ ಕಸುಬಿನ ಬೆಲೆ ಎಷ್ಟೆಂದು ಇಡೀ ನಾಡಿಗೆ ತಿಳಿಯಿತು.

ಹಾಗಾದರೆ ಗುತ್ತಿಗೆ ಕಾರ್ಮಿಕರನ್ನೆಲ್ಲ ಕಾಯಂ ಮಾಡಿಬಿಡಬೇಕೆ? ಅದು ಬೇರೆಯೇ ವಾದ. ನಿಷೇಧಿತ ಗುತ್ತಿಗೆಯಲ್ಲಿ ದುಡಿದವರೂ ತಾವಾಗಿಯೇ ಕಾಯಂ ಆಗುವುದಿಲ್ಲವೆಂದು ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ನಾನು ಕೇಳುತ್ತಿರುವುದು ಹುದ್ದೆಯನ್ನಲ್ಲ, ಪಾಲನ್ನು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕರ್ನಾಟಕಕ್ಕೆ ತನ್ನದೇ ಅನುಭವ ಇದೆ.

1974ರ ಭೂಸುಧಾರಣಾ ತಿದ್ದುಪಡಿಯನ್ನು ನೆನೆಯೋಣ. ಸಂಡೂರಿನಲ್ಲಿ ಅದರ ಹಿಂದಿನ ವರ್ಷವಷ್ಟೇ ಇನಾಮು ಭೂಮಿಯ ರೈತರ ದೊಡ್ಡ ಹೋರಾಟ ನಡೆದಿತ್ತು. ದೇವರಾಜ ಅರಸರ ಸರ್ಕಾರ ತಂದ ಆ ಕಾನೂನಿನ ಶಕ್ತಿ ಇದ್ದದ್ದು ಅದರ ಘೋಷಣೆಯಲ್ಲಿ ಅಲ್ಲ, ಸಾಕ್ಷ್ಯದ ವಿಧಾನದಲ್ಲಿ. ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಡುತ್ತಿದ್ದ. ಪಹಣಿಯಲ್ಲಿ ಅವನ ಹೆಸರಿಲ್ಲವೆಂದು ಭೂನ್ಯಾಯ ಮಂಡಳಿ ಅರ್ಜಿಯನ್ನು ಅಲ್ಲಿಗೇ ಕೈಬಿಡಬೇಕಾಗಿರಲಿಲ್ಲ. ನೆರೆಹೊರೆಯ ರೈತರನ್ನು ಕರೆದು, 'ಈ ಹೊಲವನ್ನು ನಿಜವಾಗಿ ಉಳುತ್ತಿದ್ದವರು ಯಾರು?' ಎಂದು ಕೇಳಬಹುದಿತ್ತು. ಸೇವೆಗೆ ಸೇರಿದ ಹೊಸತರಲ್ಲಿ ಅಂಥ ಹಳೆಯ ಕಡತಗಳನ್ನು ಓದಿದ್ದೇನೆ. 'ನಾನು ಇವನ ಬದುವಿನವನು, ಇವನೇ ಬಿತ್ತುತ್ತಿದ್ದುದನ್ನು ಕಂಡಿದ್ದೇನೆ' ಎಂಬ ಅರ್ಥದ ಹೇಳಿಕೆ, ಕೆಳಗೊಂದು ಹೆಬ್ಬೆಟ್ಟಿನ ಗುರುತು. ದಾಖಲೆಯ ಒಡೆಯನನ್ನು ಬದಿಗಿಟ್ಟು ದುಡಿಮೆಯ ವಾಸ್ತವವನ್ನು ನೋಡುವ ಧೈರ್ಯ ನಮ್ಮ ಶಾಸಕಾಂಗಕ್ಕೆ ಹೊಲದ ವಿಷಯದಲ್ಲಿ ಇತ್ತು. ಕಾರ್ಖಾನೆಯ ವಿಷಯದಲ್ಲಿ ನಾವಿನ್ನೂ ಪಹಣಿಯನ್ನೇ ಓದುತ್ತಿದ್ದೇವೆ. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹುಸೇನ್‌ಭಾಯ್ ಪ್ರಕರಣದಲ್ಲಿ, ಮಧ್ಯವರ್ತಿಯ ಪರದೆ ಸರಿಸಿ ಯಾರ ವ್ಯವಹಾರದಿಂದ ಕಾರ್ಮಿಕನ ಜೀವನೋಪಾಯ ನಡೆಯುತ್ತದೋ ಅವರೇ ನಿಜವಾದ ಉದ್ಯೋಗದಾತರು ಎಂಬ ದೃಷ್ಟಿಯನ್ನು ಎತ್ತಿಹಿಡಿದಿದ್ದರು.

ಇದಕ್ಕೆ ಆಕ್ಷೇಪಗಳಿವೆ, ಕೆಲವು ತೂಕವುಳ್ಳವೇ. ಉಕ್ಕು ಏರಿಳಿತದ ಉದ್ಯಮ. ಅಮೆರಿಕದ ವೆಸ್ಟ್ ವರ್ಜೀನಿಯಾದ ವೇರ್ಟನ್ ಉಕ್ಕಿನ ಕಾರ್ಖಾನೆಯನ್ನು ಮಾಲೀಕರು ಕೈಬಿಡಲು ಹೊರಟಾಗ ಕಾರ್ಮಿಕರೇ 1984ರಲ್ಲಿ ಅದನ್ನು ಕೊಂಡರು. ಕೆಲವು ವರ್ಷ ಲಾಭ ಹಂಚಿಕೊಂಡರು. 2003ರಲ್ಲಿ ಕಂಪನಿ ದಿವಾಳಿಯಾಯಿತು. ಉದ್ಯೋಗ, ಉಳಿತಾಯ ಎರಡನ್ನೂ ಒಂದೇ ಕುಲುಮೆಯಲ್ಲಿಟ್ಟರೆ ಕುಲುಮೆ ಆರಿದ ದಿನ ಎರಡೂ ತಣ್ಣಗಾಗುತ್ತವೆ. ಆದ್ದರಿಂದ ಗಾದಿಗನೂರಿನ ಕಾರ್ಮಿಕನಿಗೆ ಸಾಲ ಕೊಡಿಸಿ ಷೇರು ಕೊಳ್ಳಿಸುವುದು ಉಪಕಾರವೆಂದು ನಾನು ಭಾವಿಸುವುದಿಲ್ಲ. ಕೂಲಿಯ, ಭವಿಷ್ಯ ನಿಧಿಯ ಬದಲಿಗೆ ಷೇರು ಕೊಡುವುದಂತೂ ಸಲ್ಲದು. ಅವನಿಗೆ ಮೊದಲು ಬೇಕಾದದ್ದು ನಗದಿನ ಲಾಭಪಾಲು. ಒಡೆತನ ಬರುವುದಾದರೆ ಒಬ್ಬೊಬ್ಬರ ಹೆಸರಿನ ಖಾತೆಯಲ್ಲಿ ಅಲ್ಲ, ಎಲ್ಲರ ಪರವಾಗಿ ಷೇರು ಹಿಡಿದಿಟ್ಟುಕೊಂಡು ವರ್ಷ ವರ್ಷ ಲಾಭಾಂಶ ಹಂಚುವ ನಿಧಿಯ ಮೂಲಕ. ಕಷ್ಟಕಾಲದಲ್ಲಿ ಮಾರಿಕೊಳ್ಳುವ ಒತ್ತಡ ಅಲ್ಲಿರುವುದಿಲ್ಲ.

ಇನ್ನೊಂದು ಆಕ್ಷೇಪ, ಇದರಿಂದ ಉದ್ಯಮ ಓಡಿಹೋಗುತ್ತದೆ ಎಂಬುದು. ಅದಿರಿನ ಬೆಟ್ಟ ಸಂಡೂರಿನಲ್ಲಿದೆ. ಅದನ್ನು ಬಿಟ್ಟು ಉಕ್ಕಿನ ಕಾರ್ಖಾನೆ ಎಲ್ಲಿಗೆ ಓಡೀತು? ಫ್ರಾನ್ಸ್‌ನಲ್ಲಿ 1967ರಿಂದಲೂ ನಿರ್ದಿಷ್ಟ ಗಾತ್ರ ಮೀರಿದ ಕಂಪನಿಗಳು ಲಾಭದ ಪಾಲನ್ನು ನೌಕರರಿಗಾಗಿ ತೆಗೆದಿಡುವುದು ಕಡ್ಡಾಯ. ನಮ್ಮಲ್ಲೇ ಸ್ಥಳೀಯರ ಪಾಲಿನ ತತ್ವವನ್ನು ಗಣಿ ಕಾನೂನು ಈಗಾಗಲೇ ಒಪ್ಪಿದೆ. 2011ರ ಗಣಿ ಮಸೂದೆ ಕಲ್ಲಿದ್ದಲು ಕಂಪನಿಗಳ ಲಾಭದ ಶೇ 26ನ್ನೂ ಇತರ ಖನಿಜಗಳಲ್ಲಿ ರಾಯಧನದಷ್ಟೇ ಮೊತ್ತವನ್ನೂ ಗಣಿಬಾಧಿತರಿಗೆ ಕೊಡಬೇಕೆಂದಿತ್ತು. ಅದು ಕಾನೂನಾಗದೆ ಬಿದ್ದುಹೋಯಿತು. ಅದರ ಬದಲು 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿಗಳು ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದ ಗಣಿಗಳು ಶೇ 10ರಷ್ಟು ಕಟ್ಟುತ್ತವೆ. ಆಗ ಯಾವ ಗಣಿಯೂ ಓಡಿಹೋಗಲಿಲ್ಲ. ಆ ಹಣ ರಸ್ತೆ, ಶಾಲೆ, ಆಸ್ಪತ್ರೆಗೆ ಹೋಗುತ್ತದೆ, ಹೋಗಲಿ. ಊರಿಗೆ ಪಾಲು ಕೊಡಲು ಸಾಧ್ಯವಾದದ್ದು ಉಸಿರಲ್ಲಿ ಧೂಳು ನುಂಗಿದವನಿಗೆ ಏಕೆ ಸಾಧ್ಯವಿಲ್ಲ?

ಮಾಡಬೇಕಾದದ್ದು ಬಹಳ ಇಲ್ಲ. ಗುತ್ತಿಗೆ ಕಾರ್ಮಿಕನ ಬೋನಸ್ ದರ ಗುತ್ತಿಗೆದಾರನ ಪುಸ್ತಕದಿಂದಲ್ಲ, ಅವನು ದುಡಿದ ಕಾರ್ಖಾನೆಯ ಹೆಚ್ಚುವರಿಯಿಂದ ನಿಗದಿಯಾಗುವಂತೆ ವೇತನ ಸಂಹಿತೆಗೆ ಒಂದು ತಿದ್ದುಪಡಿ ಬೇಕು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ಇದನ್ನು ತರಬಹುದು. ಮುಖ್ಯ ಉತ್ಪಾದನಾ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ತೊಡಗಿಸಬಾರದೆಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳಿ, ಅದರ ಬೆನ್ನಿಗೇ ವಿನಾಯಿತಿಗಳನ್ನೂ ಕೊಟ್ಟಿದೆ. ಆ ವಿನಾಯಿತಿ ಬಳಸುವವರಿಗಾದರೂ ಈ ನಿಯಮ ಮೊದಲು ಅನ್ವಯಿಸಲಿ. ಗುತ್ತಿಗೆದಾರ ಬದಲಾದರೂ ಕಾರ್ಮಿಕನ ವರ್ಷದ ಲೆಕ್ಕ ತುಂಡಾಗಬಾರದು. ಕಂಪನಿಗಳು ಮನಸ್ಸು ಮಾಡಿದರೆ ಕಾನೂನಿಗೆ ಕಾಯಬೇಕಾಗಿಯೂ ಇಲ್ಲ; 1934ರಲ್ಲಿ ಜಮ್‌ಷೆಡ್‌ಪುರ ಕಾಯಲಿಲ್ಲ.

ಯಾರು ಎಷ್ಟು ದುಡಿದರೆಂದು ಲೆಕ್ಕ ಇಡುವುದು ಕಷ್ಟ ಎಂಬ ನೆಪ ಮಾತ್ರ ಯಾರೂ ಹೇಳದಿರಲಿ. ಭೂನ್ಯಾಯ ಮಂಡಳಿಗೆ ಬದುವಿನ ಸಾಕ್ಷಿಯ ಹೆಬ್ಬೆಟ್ಟು ಬೇಕಾಗಿತ್ತು. ಇಂದಿನ ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಕಾಯಂನವನ ಚೀಟಿಯನ್ನೂ ಗುತ್ತಿಗೆಯವನ ಚೀಟಿಯನ್ನೂ ಓದುವ ಯಂತ್ರವಿದೆ. ಒಳಹೋದ ನಿಮಿಷ, ಹೊರಬಂದ ನಿಮಿಷ, ದಿನಾಂಕ, ಎಲ್ಲವೂ ಅದರಲ್ಲಿ ಈಗಾಗಲೇ ದಾಖಲಾಗುತ್ತಿವೆ.